ಯಾರು ಎಂದು ಕೇಳಿದರೆ

ಜೂನ್ ೪

ಮಗಳೇ,

ದೇವರ ಕೈ ನಿನ್ನ ತಲೆಯ ಮೇಲಿರಲಿ. ನಿನ್ನ ಫೋನು ಹೋಗುತ್ತಲೇ ಇಲ್ಲ. ಯಾವುದೋ ಹೆಂಗಸು ಅದೇ ಮಾತನ್ನು ಹೇಳಿ ಹೇಳಿ ನನ್ನನ್ನೇ ಗದರಿಸುತ್ತಾಳೆ. ಅದಕ್ಕೇ ಈ ಕಾಗದ. ಶಾಲೆ ಬಿಟ್ಟ ಮೇಲೆ ಇಷ್ಟುದ್ದ ಬರೆದವಳಲ್ಲ ನಾನು. ತಪ್ಪು ಕಂಡರೆ ನಗಬೇಡ. ಇಲ್ಲ, ನಗು. ನೀನು ನಕ್ಕು ಬಹಳ ದಿನವಾಯಿತು.

ಕೇಳಿದವರಿಗೆಲ್ಲ, ಮಗಳಿಗೆ ದೂರದ ಪಟ್ಟಣದಲ್ಲಿ ಕೆಲಸ ಸಿಕ್ಕಿತು ಎಂದಿದ್ದೇನೆ. ಆ ವಿಷಯ ನನ್ನ ಬಾಯಿಂದ ಹೊರಗೆ ಬಿದ್ದಿಲ್ಲ, ಬೀಳುವುದೂ ಇಲ್ಲ. ನಿನ್ನ ಚಿಕ್ಕಮ್ಮನಿಗೂ ಹೇಳಿಲ್ಲ, ಪ್ರಾರ್ಥನೆ ಮನೆಯ ಹಿರಿಯರಿಗೂ ಹೇಳಿಲ್ಲ. ನಿನಗೆ ಗೊತ್ತು, ನನಗೆ ಗೊತ್ತು, ಮೇಲಿರುವವನಿಗೆ ಗೊತ್ತು. ಅಲ್ಲಿಗೆ ಮಣ್ಣು ಹಾಕಿ ಮುಚ್ಚಿದ್ದೇನೆ. ಆದದ್ದು ಆಯಿತು.

ದಾರಿಯಲ್ಲಿ ಹಾಗಾಯಿತು ಎಂದು ನೀನು ಹೇಳಿದ ದಿನದಿಂದ ನಾನು ಆ ದಾರಿ ತುಳಿದಿಲ್ಲ. ಸುತ್ತಿ ಬಳಸಿ ಪ್ರಾರ್ಥನೆ ಮನೆಗೆ ಹೋಗುತ್ತೇನೆ. ಕಣ್ಣು ಮುಚ್ಚಿ ಒಂದನ್ನೇ ಕೇಳುತ್ತೇನೆ: ನನ್ನ ಮಗಳಿಗೆ ಆದದ್ದು ಅವಳ ಮನಸ್ಸಿನಿಂದ ಅಳಿಸಿಹೋಗಲಿ.

ಕೆಲಸ ಕೈತುಂಬ ಇದೆ. ಆಸ್ಪತ್ರೆಯವರು ಹೊಸ ಹಾಸಿಗೆ ಕೇಳಿದ್ದಾರೆ. ಬೆಳಗಾದರೆ ಹತ್ತಿ ಕೋಣೆ ಸೇರಿ ಬೆತ್ತ ಹಿಡಿದು ಬಡಿಯುವುದೇ. ಹುಬ್ಬು, ಮೂಗು ಎಲ್ಲ ಬಿಳಿ. ನೀನಿದ್ದಿದ್ದರೆ "ಅಮ್ಮ ಮುದುಕಿ ಆಗೋದ್ಳು" ಅಂತ ಕಿಚಾಯಿಸುತ್ತಿದ್ದೆ.

ಹೊತ್ತು ಹೊತ್ತಿಗೆ ಊಟ ಮಾಡು. ಕತ್ತಲಾಗುವ ಮೊದಲು ಮನೆ ಸೇರಿಕೋ. ಬಟ್ಟೆ ಮೈತುಂಬ ಇರಲಿ.

ನಿನ್ನ ಅಮ್ಮ


ಜೂನ್ ೧೫

ಅಮ್ಮಾ,

ಫೋನು ತಾನಾಗಿ ಕೆಟ್ಟದ್ದಲ್ಲ. ನಾನೇ ಒಡೆದೆ. ಯಾರೋ ಕರೆ ಮಾಡುತ್ತಿದ್ದರು. ಮಾತಿಲ್ಲ ಕತೆಯಿಲ್ಲ, ಬರೀ ಹಾಡು. ಸುತ್ತಿಗೆ ಕೈಯಲ್ಲೇ ಇತ್ತು.

ಸುತ್ತಿಗೆ ಯಾಕೆ ಅಂತೀಯಾ? ಹಳೆಯ ಗಾಜು ಒಡೆಯುವ ಅಂಗಳದಲ್ಲಿ ಕೆಲಸ ನನಗೆ. ಲಾರಿಯಲ್ಲಿ ಬಾಟಲಿ ಬಂದು ರಾಶಿ ಬೀಳುತ್ತದೆ. ಬಣ್ಣ ನೋಡಿ ಬೇರೆ ಮಾಡಿ, ಮುಚ್ಚಳ ಕಿತ್ತು, ಕಬ್ಬಿಣದ ತೊಟ್ಟಿಗೆ ಹಾಕಿ ಪುಡಿ ಮಾಡಬೇಕು. ಅದನ್ನು ಕರಗಿಸಿ ಮತ್ತೆ ಬಾಟಲಿ ಮಾಡುತ್ತಾರಂತೆ. ಮಾಡಿಕೊಳ್ಳಲಿ. ನನಗೆ ಒಡೆಯುವುದು ಸಿಕ್ಕಿದೆ, ಸಾಕು. ನಮ್ಮ ಮೇಲಿನವಳಿಗೆ ತುಟಿಯ ಮೇಲೆ ಕೂದಲಿದೆ, ಅಂಗಳದವರೆಲ್ಲ ಮೀಸೆ ಅಕ್ಕ ಅಂತಾರೆ, ಅವಳೂ ಓಗೊಡುತ್ತಾಳೆ. ಮೊದಲ ದಿನವೇ ನನ್ನನ್ನು ನೋಡಿ, "ಏ ಹೊಸಬ್ಳೇ, ಆ ಬಾಟ್ಲಿ ನಿನ್ನ ಗಂಡನ್ನ ಏನಾದ್ರೂ ಓಡಿಸ್ಕೊಂಡು ಹೋಗಿತ್ತಾ? ಮೆತ್ತಗೆ ಹೊಡಿ ಮಾರಾಯ್ತಿ, ಚೂರು ನನ್ ಕಣ್ಣಿಗೆ ಬರ್ತಿದೆ" ಅಂದಳು.

ಮೊನ್ನೆ ಬಸ್ಸಿನಲ್ಲಿ ಹಿಂದಿನಿಂದ ಒಬ್ಬ ಮುದುಕ ಭುಜ ಮುಟ್ಟಿದ. "ಮಗಾ, ನಿನ್ನ ಚೀಲ ಬಿತ್ತು." ಆ ಮಾತು ಕಿವಿಗೆ ಬೀಳುವ ಮೊದಲೇ ನನ್ನ ಮೊಣಕೈ ಅವನ ಬಾಯಿಗೆ ಬಿದ್ದಿತ್ತು. ಗದ್ದದ ಮೇಲೆ ರಕ್ತ ಇಳಿಯುತ್ತಿದ್ದರೂ ಅವನು ನನ್ನ ಚೀಲವನ್ನು ಚಾಚಿಕೊಂಡೇ ನಿಂತಿದ್ದ. ಕಸಿದುಕೊಂಡು ಇಳಿದು ಓಡಿದೆ.

ಮನಸ್ಸಿನಿಂದ ಅಳಿಸಲಿ ಎಂದು ಬೇಡಿಕೊಳ್ಳಬೇಡ. ಅದು ಮನಸ್ಸಿನಲ್ಲಿಲ್ಲ. ಕುತ್ತಿಗೆಯಲ್ಲಿದೆ, ಮೊಣಕೈಯಲ್ಲಿದೆ.

ಬಟ್ಟೆ ಅವತ್ತೂ ಮೈತುಂಬ ಇತ್ತು.


ಜೂನ್ ೨೬

ಮಗಳೇ,

ದೇವರು ನಿನಗೆ ತಾಳ್ಮೆ ಕೊಡಲಿ. ಆ ಮುದುಕಪ್ಪನಿಗೂ ಒಂದು ಪ್ರಾರ್ಥನೆ ಸಲ್ಲಿಸಿದ್ದೇನೆ. ಹಾಡು ಕೇಳಿ ಯಾರಾದರೂ ಫೋನು ಒಡೆಯುತ್ತಾರಾ? ಯಾವುದೋ ಜಾಹೀರಾತು ಇದ್ದಿರಬೇಕು. ನಿನ್ನ ಕೋಪಕ್ಕೆ ಮೂಗಿನ ತುದಿಯೇ ಮನೆ, ಚಿಕ್ಕವಳಿದ್ದಾಗಿನಿಂದಲೂ.

ಗಾಜಿನ ನಡುವೆ ದುಡಿದು ಬರಿನೆಲದ ಮೇಲೆ ಮಲಗುತ್ತೀ ಅಂತ ನನ್ನ ಹೊಟ್ಟೆ ಉರಿಯುತ್ತದೆ. ನಿನಗೊಂದು ಹಾಸಿಗೆ ಮಾಡಿ ಕಳಿಸಿದ್ದೇನೆ. ಆಸ್ಪತ್ರೆಯವರದ್ದಕ್ಕಿಂತ ಒಳ್ಳೆಯ ಹತ್ತಿ. ನಮ್ಮ ಕೋಣೆಯ ಮೂಲೆಯಲ್ಲಿ ನಿನಗೆಂದೇ ಎತ್ತಿಟ್ಟಿದ್ದ ರಾಶಿ ಇತ್ತಲ್ಲ, ಅದು. ಬೀಜದ ಚೂರೂ ಇಲ್ಲದಂತೆ ಬಡಿದಿದ್ದೇನೆ.

ಹಾಡಣ್ಣನ ಉಪಕಾರ ಮರೆಯುವ ಹಾಗಿಲ್ಲ. ಪ್ರಾರ್ಥನೆ ಮನೆಯಲ್ಲಿ ಮುಂದೆ ನಿಂತು ಹಾಡಿದಂತೆಯೇ ಹೊರಗಿನ ಕೆಲಸಕ್ಕೂ ಮುಂದೆ. ನಿನ್ನ ಅಪ್ಪ ಹೋದಾಗ ಮೊದಲು ಹೆಗಲು ಕೊಟ್ಟವನೂ ಅವನೇ ಅಲ್ಲವಾ. ಈಗಲೂ ಆಗಾಗ ಬಾಗಿಲಿಗೆ ಬರುತ್ತಾನೆ. "ಅಕ್ಕಾ, ಹುಡುಗಿ ಹೇಗಿದ್ದಾಳೆ? ಯಾವಾಗ ಬರ್ತಾಳೆ?" ಒಡಹುಟ್ಟಿದವರೂ ಇಷ್ಟು ಕೇಳುವುದಿಲ್ಲ. ಹಾಸಿಗೆಯ ಗಂಟನ್ನು ಲಾರಿಗೆ ಏರಿಸಿದವನು ಅವನು. ಗಂಟಿನ ಮೇಲೆ ನಿನ್ನ ವಿಳಾಸ ಬರೆದವನೂ ಅವನೇ, ನನ್ನ ಕೋಳಿಕಾಲು ಯಾರಿಗೆ ಅರ್ಥವಾಗುತ್ತದೆ? ಅವನ ಅಕ್ಷರ ಮುತ್ತಿನ ಹಾಗೆ.

ಮೆತ್ತಗೆ ಮಲಗು.

ನಿನ್ನ ಅಮ್ಮ


ಜುಲೈ ೧೨

ಅಮ್ಮಾ,

ಗಂಟು ಬಂತು. ಬಾಗಿಲಲ್ಲಿ ಇಳಿಸಿ ಹೋದರು. ನಾನು ಮೊದಲು ನೋಡಿದ್ದು ಆ ಅಕ್ಷರ.

ಆಮೇಲೆ ನಡೆದದ್ದನ್ನು ಮನೆಯ ಒಡತಿ ಹೇಳಿ ನನಗೆ ಗೊತ್ತು. ಒಡೆದ ಬಾಟಲಿಯ ಕುತ್ತಿಗೆ ಹಿಡಿದು ಹಾಸಿಗೆಯನ್ನು ಉದ್ದಕ್ಕೆ ಸೀಳಿದೆನಂತೆ. ಹತ್ತಿಯನ್ನು ಕಿತ್ತು ಕಿತ್ತು ಮೆಟ್ಟಿಲ ಮೇಲೆ, ಬೀದಿಗೆ, ಒಡತಿಯ ಮುಖಕ್ಕೆ ಎಸೆದೆನಂತೆ. ಬಿಡಿಸಲು ಬಂದ ಪಕ್ಕದ ಕೋಣೆಯವಳ ಕೈ ಕಚ್ಚಿದೆನಂತೆ. ನನಗೆ ನೆನಪಿರುವುದು ಕೊನೆಯದ್ದು ಮಾತ್ರ: ಒಡತಿ ನನ್ನ ಪೆಟ್ಟಿಗೆಯನ್ನು ಬೀದಿಗೆ ಇಟ್ಟು, "ಹುಚ್ಚಿಗೆ ಬಾಡಿಗೆಗೆ ಕೊಟ್ಟ ನನ್ನ ಬುದ್ಧಿಗೆ ಹೊಡ್ಕೋಬೇಕು" ಎಂದದ್ದು.

ಒಳ್ಳೆಯದೇ ಆಯಿತು. ಆ ವಿಳಾಸದಲ್ಲಿ ನಾನು ಇನ್ನು ಒಂದು ದಿನವೂ ಇರುತ್ತಿರಲಿಲ್ಲ. ಈಗ ಮೀಸೆ ಅಕ್ಕನ ಮನೆಯ ಅಡುಗೆಕೋಣೆಯಲ್ಲಿದ್ದೇನೆ. ಕಾಗದವನ್ನು ಅಂಗಳಕ್ಕೆ ಬರಿ, ನೀನೇ ಬರಿ, ನೀನೇ ಅಂಚೆ ಪೆಟ್ಟಿಗೆಗೆ ಹಾಕು. ವಿಳಾಸ ಯಾರ ಕೈಗೂ ಸಿಗಬಾರದು. ಯಾರ ಕೈಗೂ ಅಂದರೆ ಯಾರ ಕೈಗೂ.

ಇನ್ನು ಹತ್ತಿ ಕಳಿಸಬೇಡ. ಹಾಸಿಗೆ ಮಾಡುವವಳು ನೀನು, ನಿನಗೆ ಗೊತ್ತಿದೆಯಾ? ಹತ್ತಿ ಬಾಯಿಗೆ ತುಂಬಿಕೊಂಡರೆ ಎಷ್ಟು ಕೂಗಿದರೂ ಹೊರಗೆ ಕೇಳಿಸುವುದಿಲ್ಲ.


ಜುಲೈ ೨೦

ಮಗಳೇ,

ದೇವರು ನಿನ್ನನ್ನು ಪರೀಕ್ಷೆಗೆ ಇಟ್ಟಿದ್ದಾನೆ, ಗೆಲ್ಲಿಸುವವನೂ ಅವನೇ.

ಹಾಸಿಗೆ ಹರಿದರೆ ಹರಿಯಲಿ. ಆದರೆ ಪಕ್ಕದವರ ಕೈ ಕಚ್ಚುವುದಾ? ನಾನು ಹೀಗೆ ಬೆಳೆಸಿದೆನಾ ನಿನ್ನನ್ನು? ಅಲ್ಲಿಯ ನೀರೇ ಸರಿಯಿಲ್ಲ ಅನ್ನಿಸುತ್ತದೆ. ಹತ್ತಿ ಹಿಡಿಯುವಾಗ ಬಾಯಿಗೆ ಬಟ್ಟೆ ಕಟ್ಟಿಕೋ ಅಂತ ನೀನು ಮೂಗು ಒರೆಸಿಕೊಳ್ಳಲು ಕಲಿಯುವ ಮೊದಲೇ ಹೇಳಿಕೊಟ್ಟಿದ್ದೇನೆ. ಹತ್ತಿಯ ಎಳೆ ಗಂಟಲಿಗೆ ಇಳಿದರೆ ಕೆಮ್ಮು ಹಿಡಿಯುತ್ತದೆ. ಬಿಸಿನೀರು ಕುಡಿ.

ಊರಲ್ಲಿ ಹೆಣ್ಣಾಗಿ ಹುಟ್ಟಿದವಳು ನೀನೊಬ್ಬಳೇ ಅಲ್ಲ. ನನ್ನ ಓರಗೆಯವರಲ್ಲೂ ಒಬ್ಬಿಬ್ಬರಿಗೆ ಇಂಥದ್ದು ಆಗಿತ್ತು. ಅವರು ಬಾಯಿ ಮುಚ್ಚಿಕೊಂಡು, ತಲೆ ಬಗ್ಗಿಸಿಕೊಂಡು, ಮಕ್ಕಳನ್ನು ಹೆತ್ತು ಬಾಳಿದರು. ಒಬ್ಬಳು ಮಾತ್ರ ನಗುವುದನ್ನು ಬಿಟ್ಟಳು. ಅದೇನೂ ದೊಡ್ಡದಲ್ಲ. ಅವರ ಮನೆ ಉಳಿಯಿತು, ಮರ್ಯಾದೆ ಉಳಿಯಿತು.

ಆದದ್ದನ್ನು ಮರೆತು ಮನೆಗೆ ಬಾ. ಈ ಸಲ ಪ್ರಾರ್ಥನೆ ಮನೆಯಲ್ಲಿ ಹಾಡಣ್ಣ ಹೊಸ ಹಾಡು ಹೇಳಿಕೊಟ್ಟಿದ್ದಾನೆ. ಕೇಳಿದರೆ ನಿನ್ನ ಮನಸ್ಸು ತಣ್ಣಗಾಗುತ್ತದೆ.

ನಿನ್ನ ಅಮ್ಮ


ಆಗಸ್ಟ್ ೯

ಅಮ್ಮಾ,

ನಿನ್ನ ಕಾಗದಗಳನ್ನೆಲ್ಲ ಮುಂದೆ ಹರಡಿಕೊಂಡು ಕೂತಿದ್ದೇನೆ. ಚಿಕ್ಕವಳಿದ್ದಾಗ ನೀನು ಹತ್ತಿ ಬಡಿಯುತ್ತಾ ನನಗೆ ಪಾಠ ಹೇಳಿಕೊಡುತ್ತಿದ್ದೆ. ನೆನಪಿದೆಯಾ? ಒಂದೊಂದು ಏಟಿಗೆ ಒಂದೊಂದು ಮಾತು. "ಮಗು ಹಾಲು ಕುಡಿಯಿತು. ಯಾರು ಎಂದು ಕೇಳು. ಯಾರು ಎಂದು ಕೇಳಿದರೆ ಬರುವುದೇ ಕರ್ತೃಪದ. ಕರ್ತೃಪದ ಇಲ್ಲದ ವಾಕ್ಯ ತಲೆಯಿಲ್ಲದ ಮುಂಡ." ನಾನು ತಪ್ಪಿದರೆ ಬೆತ್ತ ನೆಲಕ್ಕೆ ಹೊಡೆದು ಹೆದರಿಸುತ್ತಿದ್ದೆ.

ನಿನ್ನ ಕಾಗದಗಳಲ್ಲಿ ಹುಡುಕಿದೆ. ಆದದ್ದು. ಹಾಗಾಯಿತು. ಇಂಥದ್ದು ಆಗಿತ್ತು. ಎಲ್ಲ ತಲೆಯಿಲ್ಲದ ಮುಂಡಗಳು. ಆಗುವುದಕ್ಕೆ ಅದೇನು ನೆಗಡಿಯಾ, ಮಳೆಯಾ?

ಆಗಲಿಲ್ಲ ಅಮ್ಮ. ಮಾಡಿದ.

ನಾನು ಹರಿದ ಬಟ್ಟೆಯಲ್ಲಿ ನಿನ್ನ ಮುಂದೆ ನಿಂತಾಗ ನೀನು ಏನೇನು ಕೇಳಿದೆ, ನನಗೆ ಒಂದೊಂದೂ ಗೊತ್ತು. ಯಾರಾದ್ರೂ ನೋಡಿದ್ರಾ? ಒಬ್ಳೇ ಯಾಕಿದ್ದೆ? ಎಲ್ಲಿ? ನೀನು ಏನಾದ್ರೂ ಅಂದ್ಯಾ? ಆಮೇಲೆ ಬಿಸಿನೀರು ಕಾಯಿಸಿ ನನ್ನನ್ನು ತೊಳೆದೆ, ಬಟ್ಟೆ ಸುಟ್ಟೆ, ದೇವರ ಮುಂದೆ ಕೂರಿಸಿದೆ. ಯಾರು ಎಂದು ಕೇಳಲಿಲ್ಲ. ಅವತ್ತಿಂದ ಇವತ್ತಿನವರೆಗೂ ಕೇಳಿಲ್ಲ.

ದಾರಿಯಲ್ಲಿ ಎಂದದ್ದು ಸುಳ್ಳು. ದಾರಿಯಲ್ಲಿ ಅಂದರೆ ನಿನಗೆ ಸಮಾಧಾನವಾಗುತ್ತದೆ ಅಂತ ನಿನ್ನ ಮುಖ ನೋಡಿ ಗೊತ್ತಾಯಿತು, ಅದಕ್ಕೆ ಹೇಳಿದೆ.

ಕೇಳುವ ಧೈರ್ಯ ಇದ್ದರೆ ಬರಿ. ಇಲ್ಲದಿದ್ದರೆ ಬರೆಯಬೇಡ.


ಸೆಪ್ಟೆಂಬರ್ ೨

ಮಗಳೇ,

ನಿನ್ನ ಕಾಗದ ಬಂದ ಮೇಲೆ ಎಷ್ಟೋ ಸಲ ಬರೆಯಲು ಕುಳಿತೆ. ಹಾಳೆ ಮಡಚಿಟ್ಟು ಎದ್ದೆ. ಕೇಳಿದರೆ ಉತ್ತರ ಬರುತ್ತದೆ. ಆ ಉತ್ತರಕ್ಕೆ ನಾನು ದಿನಾ ನೋಡುವ ಮುಖ ಇದ್ದರೆ? ಆ ಹೆದರಿಕೆ. ಹಾಗೇ ದಿನ ತಳ್ಳಿದೆ. ಉತ್ತರ ತಾನೇ ನಡೆದುಕೊಂಡು ನನ್ನ ಹತ್ತಿ ಕೋಣೆಗೆ ಬಂತು.

ನಾನು ಬಡಿಯುತ್ತಿದ್ದೆ. ಹಾಡಣ್ಣ ಬಂದು ಗಂಟಿನ ಮೇಲೆ ಕುಳಿತ. "ಅಕ್ಕಾ, ಒಂದು ಒಳ್ಳೆ ಸಂಬಂಧ ನೋಡಿದ್ದೀನಿ. ಹೆಂಡ್ತಿ ಸತ್ತೋನು, ಸ್ವಲ್ಪ ವಯಸ್ಸಾಗಿದೆ, ಅಷ್ಟೇ. ಏನೂ ಕೇಳಲ್ಲ ಅವ್ರು. ಹುಡುಗಿನ ಕರೆಸಿ. ಆದದ್ದು ಆಯ್ತು."

ಬೆತ್ತ ಮೇಲೆತ್ತಿದ್ದೆ. ಅಲ್ಲೇ ನಿಂತಿತು.

"ಏನು ಆದದ್ದು?"

"ಅಂದ್ರೆ… ಅದೇ… ಹುಡುಗಿ ಮನಸ್ಸಿಗೆ ಏನೋ…"

"ನಾನು ಒಂದು ನರಪಿಳ್ಳೆಗೂ ಹೇಳಿಲ್ಲ. ನನ್ನ ಮಗಳಿಗೆ ಗೊತ್ತು, ನನಗೆ ಗೊತ್ತು, ದೇವರಿಗೆ ಗೊತ್ತು. ನಾಲ್ಕನೇವನು ನೀನು ಯಾರಪ್ಪಾ?"

ಅವನ ಕಣ್ಣು ನನ್ನ ಕಡೆ ಬರಲಿಲ್ಲ. ಮೂಲೆಗೆ ಹೋಯಿತು. ನಿನಗೆಂದು ಎತ್ತಿಟ್ಟಿದ್ದ ಹತ್ತಿಯ ರಾಶಿ ಇದ್ದ ಮೂಲೆಗೆ. ಆ ನೋಟದ ಜೊತೆ ನನ್ನ ನೋಟವೂ ಹೋಯಿತು. ನೀನು ಹರಿದ ಬಟ್ಟೆಯಲ್ಲಿ ನನ್ನ ಮುಂದೆ ನಿಂತ ಆ ದಿನ ಅವನು ಹಾಡನ್ನು ಅರ್ಧಕ್ಕೆ ಬಿಟ್ಟು, ಗಂಟಲು ಕಟ್ಟಿದೆ ಎಂದು ಪ್ರಾರ್ಥನೆ ಮನೆಯಿಂದ ಎದ್ದು ಹೋಗಿದ್ದ. "ಹೋಗಪ್ಪಾ, ಮಲಕ್ಕೋ ಹೋಗು" ಎಂದು ಕನಿಕರಿಸಿ ನಾನು ಮತ್ತೆ ಕಣ್ಣು ಮುಚ್ಚಿದ್ದೆ. ನಿನ್ನ ಹತ್ತಿಯ ಮಾತು ಆಗ ಅರ್ಥವಾಯಿತು. ಬಾಯಿಗೆ ಬಟ್ಟೆ ಕಟ್ಟಿಕೋ ಎಂದು ಬರೆದ ಕೈಯನ್ನು ಕಡಿದು ಹಾಕಬೇಕು ಅನ್ನಿಸಿತು.

ಅವನು ಎದ್ದು ಬಾಗಿಲ ಕಡೆ ಸರಿದ. ಸರಿಯುತ್ತಾ ಹೇಳಿದ, "ಅವ್ಳೇನೂ ಕೂಗ್ಲಿಲ್ಲ ಅಕ್ಕಾ."

ಆಮೇಲೆ ನಾನು ಹೊಡೆದೆ. ಮೊದಲ ಏಟು ಬಾಯಿಗೆ. ತುಟಿ ಒಡೆದು ಬಿಳಿ ಹತ್ತಿಯ ಮೇಲೆ ರಕ್ತ ಚೆಲ್ಲಿತು. ತಡೆಯಲು ಎತ್ತಿದ ಕೈಗೆ ಹೊಡೆದೆ, ಬೆರಳು ಮುರಿದ ಸದ್ದು ಕೇಳಿಸಿತು. ಬಿದ್ದ ಮೇಲೆ ಬೆನ್ನಿಗೆ, ಮೊಣಕಾಲಿಗೆ. ಇಷ್ಟು ವರ್ಷ ಹತ್ತಿ ಬಡಿದ ತೋಳು, ಮಗಳೇ, ದಣಿಯಲಿಲ್ಲ. ಬೆತ್ತ ಮುರಿಯಿತು. ಮುರಿದ ಮೇಲೆ ಒಂದು ಹಿಡಿ ಹತ್ತಿ ತೆಗೆದು ಅವನ ಬಾಯಿಗೆ ತುರುಕಿದೆ. "ಕೂಗು ಈಗ. ಹಾಡು." ಕಣ್ಣು ಮೇಲೆ ಸಿಕ್ಕಿಸಿಕೊಂಡು ಗೊರಗೊರ ಅಂದ. ಒಂದು ಗಳಿಗೆ ಹಾಗೇ ಬಿಡೋಣ ಅನ್ನಿಸಿತು. ನಿಜ ಹೇಳುತ್ತೇನೆ, ಅನ್ನಿಸಿತು. ಆಮೇಲೆ ನಾನೇ ಕಿತ್ತು ತೆಗೆದೆ.

ಜನ ಸೇರಿದರು, ಹಿರಿಯರು ಬಂದರು. "ದೇವರ ಹಾಡು ಹೇಳೋ ಬಾಯಿ ಒಡೆದ್ಯಲ್ಲಮ್ಮಾ, ನಿನಗೇನು ಬಂತು?" ನಾನು ತುಟಿ ಬಿಚ್ಚಲಿಲ್ಲ. ಹೇಳಿದರೆ ಅದು ನಿನ್ನ ಮಾತು, ನನ್ನದಲ್ಲ. ಅವನು ನಾನು ಹುಚ್ಚಿ ಎಂದ. ಮರುದಿನ ಅವನ ಅಣ್ಣತಮ್ಮಂದಿರು ಬಂದು ಕಿಟಕಿ ಒಡೆದರು, ಹೊಲಿಗೆ ಯಂತ್ರವನ್ನು ಎತ್ತಿ ಕುಕ್ಕಿದರು, ಆಸ್ಪತ್ರೆಯ ಹಾಸಿಗೆಗಳನ್ನು ಚರಂಡಿಗೆ ಎಳೆದರು. ನೋಡುತ್ತಾ ನಿಂತವರೆಲ್ಲ ನನ್ನ ಜೊತೆ ಕೂತು ಕಣ್ಣು ಮುಚ್ಚುವವರೇ.

ಸೆಪ್ಟೆಂಬರ್ ೨೨ಕ್ಕೆ ಪ್ರಾರ್ಥನೆ ಮನೆಯಲ್ಲಿ ಎಲ್ಲರ ಮುಂದೆ ನಿಂತು ಕಾರಣ ಹೇಳಬೇಕಂತೆ. ಇಲ್ಲವಾದರೆ ಅವನಿಗೆ ಕೈಮುಗಿದು ತಪ್ಪಾಯಿತು ಅನ್ನಬೇಕಂತೆ. ಎರಡೂ ಮಾಡದಿದ್ದರೆ ಆ ಹೊಸ್ತಿಲು ನನಗಿಲ್ಲ.

ನಾನು ಏನು ಮಾಡಲಿ, ನೀನೇ ಹೇಳು. ಅದಕ್ಕೂ ಮೊದಲು, ಗೊತ್ತಿದ್ದೂ ಕೇಳುತ್ತಿದ್ದೇನೆ. ಅವತ್ತೇ ಕೇಳಬೇಕಿತ್ತು.

ಯಾರು?


ಸೆಪ್ಟೆಂಬರ್ ೧೧

ಹಾಡಣ್ಣ.

ಅಮ್ಮಾ, ನೀನು ಹೊಡೆದದ್ದನ್ನು ಓದಿ ನಕ್ಕೆ. ಗಟ್ಟಿಯಾಗಿ ನಕ್ಕೆ. ಆಮೇಲೆ ಒಂದು ಲಾರಿ ಬಾಟಲಿ ಒಡೆದೆ, ಕೈ ಕುಯ್ದುಕೊಂಡಿದ್ದೂ ತಿಳಿಯಲಿಲ್ಲ. ಮೀಸೆ ಅಕ್ಕ ಹಿಂದಿನಿಂದ ಬಂದು ಹಿಡಿಯಲಿಲ್ಲ. ಎದುರಿಗೆ ಬಂದು ನಿಂತು, "ಮುಟ್ಲಾ?" ಅಂತ ಕೇಳಿದಳು. ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಹೂಂ ಅಂದೆ. ಅಪ್ಪಿಕೊಂಡಳು.

ನಿನ್ನ ತೋಳಿನ ಸಿಟ್ಟು ಇಳಿಯಿತು. ನನ್ನದು ಎಲ್ಲಿ ಇಳಿಸಲಿ? ನೀನು ಹೊಡೆದದ್ದರಿಂದ ಊರಿಗೆಲ್ಲ ಅನುಮಾನ ಬಂದಿರುತ್ತದೆ. ನನ್ನನ್ನು ಕೇಳಿ ಹೊಡೆದೆಯಾ? ಅವನು ಕೇಳಲಿಲ್ಲ, ನೀನೂ ಕೇಳಲಿಲ್ಲ. ಇದನ್ನು ಬರೆಯಬಾರದು ಅಂದುಕೊಂಡಿದ್ದೆ, ಬರೆದೆ. ಆದರೆ ಹಿರಿಯರ ಮುಂದೆ ನೀನು ಬಾಯಿ ಬಿಡಲಿಲ್ಲವಲ್ಲ, ಅದನ್ನು ಓದಿದ ಮೇಲೆ ಈ ಕಾಗದ ಬರೆಯಲು ಸಾಧ್ಯವಾಯಿತು.

ಮೀಸೆ ಅಕ್ಕ ನನ್ನನ್ನು ಒಬ್ಬ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋಗುತ್ತಿದ್ದಾಳೆ. ಆಕೆ ಮರೆತುಬಿಡು ಅನ್ನುವುದಿಲ್ಲ. ಕರ್ತೃಪದದ ಮಾತು ಹೇಳಿದೆ. "ಹಾಗಾದ್ರೆ ಪೂರ್ತಿ ವಾಕ್ಯ ಹೇಳಿ, ನಾನು ಕೇಳ್ತೀನಿ" ಅಂದರು. ಹೇಳಿದೆ. ಹೇಳಿ ಅವರ ಮೇಜಿನ ಮೇಲಿದ್ದ ಲೋಟವನ್ನು ಗೋಡೆಗೆ ಎಸೆದೆ. "ಇನ್ನೊಂದಿದೆ, ಕೊಡ್ಲಾ?" ಅಂದರು. ಬೇಡ ಅಂದೆ. ಬೇಡ ಅಂದದ್ದನ್ನು ಒಬ್ಬರು ಕೇಳಿಸಿಕೊಂಡರು ಅಂತ ಅಲ್ಲೇ ಕೂತು ಅತ್ತೆ.

ನೀನು ಕೈಮುಗಿಯಬೇಡ. ನನ್ನ ಬದಲು ಹೇಳಲೂ ಬೇಡ. ೨೧ಕ್ಕೆ ನಾನೇ ಬರುತ್ತೇನೆ, ಮೀಸೆ ಅಕ್ಕನೂ ಬರುತ್ತಾಳೆ. ಮೊದಲು ಪೊಲೀಸ್ ಠಾಣೆ. ಮರುದಿನ ಪ್ರಾರ್ಥನೆ ಮನೆ. ಬಟ್ಟೆ ಸುಟ್ಟುಹೋಗಿದೆ, ಇನ್ನು ಉಳಿದಿರುವುದು ನನ್ನ ಬಾಯಿ, ನಿನ್ನ ಬಾಯಿ. ಠಾಣೆಯಲ್ಲಿ ನೀನು ತಲೆ ಬಗ್ಗಿಸಿ "ಹಾಗಾಯ್ತು ಸ್ವಾಮಿ" ಎಂದರೆ, ನಾನು ಅಲ್ಲಿಂದಲೇ ಎದ್ದು ಹೋಗುತ್ತೇನೆ. ಮತ್ತೆ ನಿನ್ನ ಮಗಳು ನಿನಗೆ ಸಿಗುವುದಿಲ್ಲ. ಬೆದರಿಕೆಯಲ್ಲ. ನನ್ನ ಕೈಲಿ ಆಗುವುದಿಲ್ಲ, ಅಷ್ಟೇ.

ಆ ವಾಕ್ಯವನ್ನು ಬರೆದು ಕಳಿಸು. ನಿನ್ನ ಕೋಳಿಕಾಲಿನಲ್ಲೇ.


ಸೆಪ್ಟೆಂಬರ್ ೧೬

ಮಗಳೇ,

ಈ ಸಲ ಕಾಗದದ ತಲೆಯ ಮೇಲೆ ದೇವರನ್ನು ಕೂರಿಸಿಲ್ಲ. ಅವನಿಗೂ ನನಗೂ ಜಗಳ ನಡೆದಿದೆ. ಗಾಬರಿಯಾಗಬೇಡ, ಮಾತು ಬಿಟ್ಟಿಲ್ಲ. ಮೊದಲಿಗಿಂತ ಜಾಸ್ತಿಯೇ ಆಡುತ್ತಿದ್ದೇನೆ, ದನಿ ಮಾತ್ರ ದೊಡ್ಡದು.

ನಿನ್ನನ್ನು ಕೇಳದೆ ಹೊಡೆದೆ. ನೀನು ಬರೆದದ್ದು ಸರಿ. ಅದಕ್ಕೆ ನೆಪ ಹೇಳುವುದಿಲ್ಲ.

ಬರೆಯಲು ಕುಳಿತೆ. ಮೊದಲು "ನಿನಗೆ ಆದ" ಎಂದು ಬಂತು, ಹೊಡೆದುಹಾಕಿದೆ. "ನಿನ್ನ ಮೇಲೆ ನಡೆದ" ಎಂದು ಬರೆದೆ. ಯಾರು ಎಂದು ಕೇಳಿಕೊಂಡೆ, ಉತ್ತರ ಬರಲಿಲ್ಲ, ಅದನ್ನೂ ಹೊಡೆದೆ. ಆಮೇಲೆ ಹಾಡಣ್ಣ ಎಂದು ಶುರು ಮಾಡಿದೆ. ಅಣ್ಣ ಎನ್ನುವುದನ್ನು ಬರೆಯಲು ಲೇಖನಿ ಒಪ್ಪಲಿಲ್ಲ. ಅದನ್ನು ತೆಗೆದರೆ ಹಾಡು ಉಳಿಯುತ್ತದೆ, ಅದೂ ಅವನದಲ್ಲ. ಠಾಣೆಯಲ್ಲಿ ಅವನ ಹೆತ್ತವರು ಇಟ್ಟ ಹೆಸರನ್ನೇ ಹೇಳುತ್ತೇನೆ. ನಿನಗೆ ಹೀಗೆ ಬರೆಯುತ್ತೇನೆ:

ಪ್ರಾರ್ಥನೆ ಮನೆಯಲ್ಲಿ ಮುಂದೆ ನಿಂತು ಹಾಡುವ ಆ ಗಂಡಸು, ನನ್ನ ಹತ್ತಿ ಕೋಣೆಯಲ್ಲಿ, ನನ್ನ ಮಗಳ ಮೇಲೆ ಅತ್ಯಾಚಾರ ಮಾಡಿದ.

ಮಾಡಿದ ಎನ್ನುವಲ್ಲಿ ಕಾಗದ ಹರಿದಿದೆ, ನೋಡು. ಕೈ ಅಷ್ಟು ಒತ್ತಿತು. ಬೇರೆ ಹಾಳೆಗೆ ಬರೆಯಲಿಲ್ಲ, ಹರಿದದ್ದನ್ನೇ ಕಳಿಸುತ್ತಿದ್ದೇನೆ. ಬರೆದ ಮೇಲೆ ಬಾಗಿಲು ತೆರೆದಿಟ್ಟು ಗಟ್ಟಿಯಾಗಿ ಓದಿದೆ, ಗೋಡೆಗೆ, ದೇವರಿಗೆ. ನನ್ನ ಮಗಳಿಗೆ ಆದದ್ದು ಅಳಿಸಿಹೋಗಲಿ ಎಂದು ಬೇಡಿದ್ದೆನಲ್ಲ, ಆ ಪ್ರಾರ್ಥನೆ ವಾಪಸು ಕೊಡು ಎಂದೆ. ಅವನು ಮಾಡಿದ್ದು ಯಾರ ಮನಸ್ಸಿನಿಂದಲೂ ಅಳಿಯದಿರಲಿ ಎಂದು ಹೊಸದು ಸಲ್ಲಿಸಿದೆ.

ನೀನು ಬರುವ ದಿನ ಬಸ್ಸಿನ ಹತ್ತಿರ ನಿಂತಿರುತ್ತೇನೆ. ತಲೆ ಎತ್ತಿ ನಿಂತಿರುತ್ತೇನೆ. ಅಪ್ಪಿಕೊಳ್ಳಬೇಕು ಅಂತ ಕೈ ತಾನೇ ಬಂದೀತು, ಆದರೂ ಮೊದಲು ಕೇಳುತ್ತೇನೆ.

ಹತ್ತಿ ಕೋಣೆಗೆ ಬೀಗ ಹಾಕಿದ್ದೇನೆ. ನಿನ್ನ ಕೋಣೆಗೆ ಒಳಗಡೆಯಿಂದ ಹಾಕಿಕೊಳ್ಳುವ ಚಿಲಕ ಬಡಿಸಿದ್ದೇನೆ. ನೆಲದ ಮೇಲೆ ಚಾಪೆ ಇದೆ. ಹಾಸಿಗೆ ಹಾಸಿಲ್ಲ, ನೀನು ಕೇಳುವ ತನಕ ಹಾಸುವುದಿಲ್ಲ.

ನಿನ್ನ ಅಮ್ಮ